ಗೋಡೆಯ ಕಿಂಡಿಯಿಂದ ಬಂದ ಮನೆತನ

ಮನೆತನದ ಹೆಸರೆಂಬುದು ಸಾಮಾನ್ಯವಾಗಿ ಊರನ್ನೋ ಕಸುಬನ್ನೋ ಮೂಲಪುರುಷನನ್ನೋ ಸೂಚಿಸತಕ್ಕದ್ದು. ಆದರೆ ಇವನಿಗೆ ತಂದೆತಾಯಿಗಳು ಇಂಥವರೆಂದು ತಿಳಿಯದು ಎಂಬುದನ್ನೇ ಸಾರಲು ಹುಟ್ಟಿ, ಕಾಲಾಂತರದಲ್ಲಿ ನೇಪಲ್ಸ್ ಮಹಾನಗರದ ಅತ್ಯಂತ ಪ್ರಚುರವಾದ ಹೆಸರಾಗಿ ಬೆಳೆದ ವೈಚಿತ್ರ್ಯ 'ಎಸ್ಪೊಸಿತೊ'ವಿಗೆ ಸಲ್ಲುತ್ತದೆ. ಹೊರಗಿಡಲ್ಪಟ್ಟವನು ಎಂಬರ್ಥದ ಲ್ಯಾಟಿನ್ ಶಬ್ದವೇ ಇದರ ಮೂಲ.

ಈ ಹೆಸರಿನ ತವರುಮನೆ, 14ನೆಯ ಶತಮಾನದಲ್ಲಿ ಸ್ಥಾಪಿತವಾದ ಆ ನಗರದ ಅನ್ನುಂತ್ಸಿಯಾತ ಧರ್ಮಸಂಸ್ಥೆ. ಅದರ ಬೀದಿಗೋಡೆಯಲ್ಲಿ ಒಂದು ಕಿಂಡಿ; ಕಿಂಡಿಯ ಹಿಂದೆ ತಿರುಗುವ ಮರದ ಗೂಡು. ಇರುಳಿನಲ್ಲಿ ಬಂದ ತಾಯಿ ಕೂಸನ್ನು ಅದರಲ್ಲಿರಿಸಿ ತಿರುಗಿಸಿದಳೆಂದರೆ ಕೂಸು ಒಳಗಿನ ಕಾವಲುಗಾತಿಯ ಕೈ ಸೇರುತ್ತಿತ್ತು. ಕೊಟ್ಟವಳ ಮುಖವನ್ನು ಕೊಂಡವಳು ಕಾಣಳು. ಬಳಿಕ ಲೆಕ್ಕದ ಪುಸ್ತಕದಲ್ಲಿ ಕೂಸಿನ ಆಗಮನವನ್ನು ಬರೆದು, ಕೊರಳಿಗೆ ಸೀಸದ ಮುದ್ರೆ ಕಟ್ಟಿ, ಮೊಲೆಯೂಡಿಸುವ ದಾದಿಗೆ ಒಪ್ಪಿಸುವರು. ಬದುಕಿ ಉಳಿಯದ ಕೂಸುಗಳು ಅಸಂಖ್ಯ. ಈ ಕಥೆಯನ್ನು ಕೇವಲ ಕರುಣೆಯ ಕಥೆಯೆಂದು ಹೇಳಿದರೆ ಸುಳ್ಳಾದೀತು. ಆದರೂ ನೇಪಲ್ಸಿನ ಜನ ಇವರನ್ನು ಅನಾಥರೆನ್ನದೆ 'ಮದೋನ್ನಳ ಮಕ್ಕಳು' ಎಂದು ಕರೆದರು. ದೇವಮಾತೆಯನ್ನೇ ಹೆತ್ತವಳನ್ನಾಗಿ ಕಲ್ಪಿಸಿದ ಆ ಮಾತಿನ ಔದಾರ್ಯ ಲೆಕ್ಕದ ಪುಸ್ತಕಕ್ಕೆ ಸಾಧ್ಯವಾಗಲಿಲ್ಲ.

ಇತರ ನಗರಗಳಲ್ಲಿಯೂ ಇಂಥ ಹೆಸರುಗಳುಂಟು. ವಾಸ್ತುಶಿಲ್ಪಿ ಬ್ರೂನೆಲ್ಲೆಸ್ಕಿ ರೂಪಿಸಿದ, 1445ರಲ್ಲಿ ತೆರೆದ ಫ್ಲಾರೆನ್ಸಿನ ಶಿಶುಗೃಹದಿಂದ 'ಇನ್ನೊಚೆಂತಿ', ಎಂದರೆ ನಿರ್ದೋಷಿಗಳು. ರೋಮಿನಲ್ಲಿ 'ಪ್ರೊಯೆತ್ತಿ', ಎಸೆಯಲ್ಪಟ್ಟವರು. ಮಿಲಾನಿನಲ್ಲಿ ಆಸ್ಪತ್ರೆಯ ಲಾಂಛನವಾದ ಪಾರಿವಾಳದಿಂದ 'ಕೊಲೊಂಬೊ'. ಕೊಲೊಂಬೊಗಳೆಲ್ಲರ ಮೂಲವೂ ಆಸ್ಪತ್ರೆಯೇ ಎನ್ನುವಂತಿಲ್ಲ. ಹಿಂದೆ ಅದು ವ್ಯಕ್ತಿನಾಮವೂ ಆಗಿದ್ದಿತು. ಒಂದೇ ದುಃಖಕ್ಕೆ ಒಂದೂರು ನಿರ್ದೋಷಿಯೆಂದೂ ಇನ್ನೊಂದೂರು ಎಸೆಯಲ್ಪಟ್ಟವನೆಂದೂ ಹೆಸರಿಟ್ಟಿತಲ್ಲ, ನಾನಾದರೆ ಫ್ಲಾರೆನ್ಸಿನ ಗುಮಾಸ್ತನ ಪಕ್ಷವೇ!

1808ರಿಂದ 1815ರವರೆಗೆ ನೇಪಲ್ಸನ್ನಾಳಿದ ಮ್ಯೂರಾನ ಕಾಲದಲ್ಲಿ, ಹೆಸರೇ ಹಣೆಪಟ್ಟಿಯಾಗಬಾರದೆಂದು, ಹೊಸ ಶಿಶುಗಳಿಗೆ 'ಎಸ್ಪೊಸಿತೊ' ಎಂದಿಡುವ ಪದ್ಧತಿಯನ್ನು ನಿಷೇಧಿಸಲಾಯಿತು. ತಿರುಗುಗೂಡು 1875ರಲ್ಲಿ ಮುಚ್ಚಿತು. ಆದರೆ ಅಷ್ಟರೊಳಗೆ ಹಿಂದಿನ ಕೂಸುಗಳು ಗೃಹಸ್ಥರಾಗಿ, ತಮಗೆ ಬಂದುದನ್ನು ಮಕ್ಕಳಿಗೂ ಮೊಮ್ಮಕ್ಕಳಿಗೂ ಹಂಚಿಯಾಗಿದ್ದಿತು. ಇಂದು ರೊಸ್ಸಿ, ರುಸ್ಸೊ, ಫೆರ್ರಾರಿಗಳೊಡನೆ ಇಟಲಿಯ ಬಹುಸಾಮಾನ್ಯ ಹೆಸರುಗಳ ಸಾಲಿನಲ್ಲಿ ಎಸ್ಪೊಸಿತೊವೂ ನಿಲ್ಲುತ್ತದೆ. ನೇಪಲ್ಸಿನ ಒಂದೇ ಓಣಿಯ ಇಬ್ಬರು ಎಸ್ಪೊಸಿತೊಗಳಿಗೆ ರಕ್ತಸಂಬಂಧ ಲವಲೇಶವೂ ಇಲ್ಲದಿರಬಹುದು, ಅವರಿಬ್ಬರ ಪೂರ್ವಿಕರು ಹಾದುಬಂದ ಕಿಂಡಿ ಮಾತ್ರ ಒಂದೇ ಆಗಿರಬಹುದು.