ಹಲ್ಲಿನ ಸೇತುವೆ

ಭದ್ರಾವತಿಯಿಂದ ಶಿವಮೊಗ್ಗೆಗೆ ಬರುವ ಬಸ್ಸು ತುಂಗೆಯ ಸೇತುವೆಯನ್ನೇರಿದೊಡನೆ ನನ್ನ ನಾಲಗೆ ಎಡದವಡೆಯನ್ನು ತಡವುತ್ತದೆ. ಅಲ್ಲಿಯೂ ಒಂದು ಸೇತುವೆಯಿತ್ತು. ಅದನ್ನು ಹೊತ್ತ ಹಲ್ಲೇ ಅಲುಗಿ ಬಿದ್ದಿತು.

1926ರಲ್ಲಿ ಆಂಟೆ ಎಂಬ ದಂತವೈದ್ಯ ಹೇಳಿದ ಲೆಕ್ಕ ಸರಳ: ಆಧಾರದ ಹಲ್ಲುಗಳ ಬೇರಿನ ವಿಸ್ತೀರ್ಣ, ಕಳೆದುಹೋದ ಹಲ್ಲುಗಳದಕ್ಕಿಂತ ಕಡಮೆಯಿರಕೂಡದು. ಆದರೆ ಭಾರ ಬೇರಿನ ತುಂಬ ಸಮನಾಗಿ ಹರಡೀತೆ? 1956ರಲ್ಲಿ ಟರ್ನರ್, ಕ್ಲಫ್ ಮೊದಲಾದವರು ವಿಮಾನಗಳಿಗಾಗಿ ಬೇರೊಂದು ದಾರಿ ತೋರಿದರು. ಇಡಿಯದನ್ನು ಸಣ್ಣ ಸಣ್ಣ ತುಣುಕುಗಳೆಂದೆಣಿಸಿ, ಒಂದೊಂದರ ಬಾಗನ್ನೂ ಗಣಕಯಂತ್ರದಿಂದ ಲೆಕ್ಕಹಾಕಿಸಿ ಕೂಡಿಸುವುದು! 1970ರ ದಶಕದಲ್ಲಿ ಆ ಲೆಕ್ಕ ಬಾಯೊಳಕ್ಕೂ ಬಂದಿತು. ಓರೆಯಾಗಿ ಅಗಿದಾಗ ಒತ್ತಡವೆಲ್ಲ ಹಲ್ಲಿನ ಕೊರಳ ಬಳಿ, ಎಲುಬಿನ ಅಂಚಿನಲ್ಲಿ ಸೇರುತ್ತದೆ. ಎಲುಬು ಸವೆದಷ್ಟೂ ಅದು ಹೆಚ್ಚು.

1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿಕೊಂಡ ಊರಿನವನು ನಾನು. ಆದರೂ ತೊಲೆಯ ಗಟ್ಟಿತನವನ್ನಷ್ಟೇ ನೋಡಿದ್ದೆ, ಕಂಬದ ಬುಡವನ್ನಲ್ಲ. ಅಡಕೆಯನ್ನೀಗ ಬಲದವಡೆಗೆ ವಹಿಸಿದ್ದೇನೆ.