ಉತಾರದ ಕೀಲಿ: ಕುಲಕರ್ಣಿಯ ದಫ್ತರದಿಂದ ಎಫ್‌ಐಡಿವರೆಗೆ

ಪಹಣಿಗೆ ನಮ್ಮ ಕಾಗವಾಡ ಸೀಮೆಯಲ್ಲಿ ಇಂದಿಗೂ ಉತಾರ ಎಂದೇ ಹೆಸರು. ಉತಾರ ಅಂದರೆ ನಕಲು. ಬೆಳಗಾವಿ ಜಿಲ್ಲೆ ಮುಂಬೈ ರಾಜ್ಯದಲ್ಲಿದ್ದಾಗಿನಿಂದ ಉಳಿದ ಮಾತು. ಆಗ ಹೊಲದ ಲೆಕ್ಕ ಕುಲಕರ್ಣಿಯ ದಫ್ತರದಲ್ಲಿ. ಅಪ್ಪನಿಂದ ಮಗನಿಗೆ ಇಳಿಯುವ ವತನ ಅದು. ಬರೆದವರು ಯಾರೆಂದು ಕೇಳಬೇಕಿರಲಿಲ್ಲ, ಅಕ್ಷರ ನೋಡಿದರೆ ಊರಿಗೇ ತಿಳಿಯುತ್ತಿತ್ತು.

1950ರ ಕಾಯ್ದೆ ಕುಲಕರ್ಣಿ ವತನವನ್ನು ರದ್ದು ಮಾಡಿತು. ದಫ್ತರ ಸಂಬಳದ ತಲಾಟಿಯ ಕೈಗೆ ಹೋಯಿತು. ಇಂದು ಇಲ್ಲಿ, ನಾಳೆ ಇನ್ನೊಂದೂರಿಗೆ ವರ್ಗ. ಅವರ ಅಕ್ಷರ ಗುರುತು ಹಿಡಿಯುವವರು ಯಾರು? ಹೆಸರು ತಿದ್ದಿದ್ದರೆ ಯಾವಾಗ, ಯಾರು ತಿದ್ದಿದರು ಎಂದು ತೋರಿಸುವುದು ರೈತನಿಗೆ ಕಷ್ಟವಾಗಿತ್ತು.

ಕಂಪ್ಯೂಟರಿಗೂ ಇದೇ ತೊಡಕು. ಅಮೆರಿಕದ ಎಂಐಟಿಯಲ್ಲಿ 1960ರ ದಶಕದ ಆರಂಭದಲ್ಲಿ ಒಂದೇ ಯಂತ್ರವನ್ನು ಹಲವರು ಬಳಸತೊಡಗಿದಾಗ ಪಾಸ್‌ವರ್ಡ್ ಬಂತು. 1962ರಲ್ಲಿ ಅಲ್ಲಿನ ಒಬ್ಬ ಸಂಶೋಧಕ ಯಂತ್ರದ ಮೇಲೆ ಹೆಚ್ಚು ಹೊತ್ತು ಸಿಗಲೆಂದು ಎಲ್ಲರ ಪಾಸ್‌ವರ್ಡ್ ಪಟ್ಟಿಯನ್ನೇ ಮುದ್ರಿಸಿಕೊಂಡ!

ಹೀಗಾಗಿ, 2000ದ ಸುಮಾರಿಗೆ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ‘ಭೂಮಿ’ ಬಂದಾಗ ಪಾಸ್‌ವರ್ಡನ್ನಷ್ಟೇ ನಂಬಲಿಲ್ಲ. 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಸಿಬ್ಬಂದಿ ಒಳಹೋಗಬೇಕಾದರೆ ಬೆರಳಚ್ಚು ಕೊಡಬೇಕು. ಪಾಸ್‌ವರ್ಡನ್ನು ಪಕ್ಕದವರಿಗೆ ಹೇಳಿ ಚಹಾ ಕುಡಿಯಲು ಹೋಗಬಹುದು, ಬೆರಳು ಬಿಟ್ಟು ಹೋಗಲಾಗದು. ಖಾತೆ ಬದಲಾವಣೆಗೆ ಯಾರು ಒಪ್ಪಿಗೆ ಕೊಟ್ಟರೆಂಬುದು ದಾಖಲಾಗುತ್ತಿತ್ತು. ಕೈಬರಹದ ಉತಾರಕ್ಕೆ ಬೆಲೆ ಹೋಯಿತು. ಕಾಗವಾಡ ಆಗ ಅಥಣಿ ತಾಲ್ಲೂಕಿನಲ್ಲಿತ್ತು. 15 ರೂಪಾಯಿಯ ನಕಲಿಗೆ ಅಥಣಿಯವರೆಗೆ ಬಸ್ಸಿನ ಖರ್ಚು ಬೇರೆ.

ಆಮೇಲೆ ಇಲಾಖೆಗೊಂದು ತಂತ್ರಾಂಶ ಬಂತು. ನೋಂದಣಿಗೆ ಕಾವೇರಿ, ಕೃಷಿಗೆ ಇನ್ನೊಂದು, ಪರಿಹಾರಕ್ಕೆ ಮತ್ತೊಂದು. ಎಲ್ಲ ಕಡೆಯೂ ಅದೇ ಉತಾರ, ಅದೇ ಆಧಾರ್, ಅದೇ ಪಾಸ್‌ಬುಕ್ಕಿನ ಜೆರಾಕ್ಸ್.

ದೊಡ್ಡ ಸಂಸ್ಥೆಗಳು ಇದಕ್ಕೆ ಕಂಡುಕೊಂಡ ದಾರಿಯೇ ಸಿಂಗಲ್ ಸೈನ್-ಆನ್. ವಿದ್ಯಾರ್ಥಿಗಳ ಬಸ್ ಪಾಸ್ ಇದ್ದ ಹಾಗೆ: ಪಾಸ್ ಕೊಡುವಾಗ ಒಮ್ಮೆ ಕಾಗದಪತ್ರ ನೋಡುತ್ತಾರೆ, ಮುಂದೆ ಕಂಡಕ್ಟರ್ ಪಾಸ್ ನೋಡಿದರೆ ಸಾಕು. ಎಂಐಟಿಯವರೇ 1980ರ ದಶಕದಲ್ಲಿ ‘ಕರ್ಬೆರೋಸ್’ ಎಂಬ ಹೆಸರಿನಲ್ಲಿ ಇಂಥ ವ್ಯವಸ್ಥೆ ಮಾಡಿದ್ದರು.

ನಮ್ಮ ‘ಫ್ರೂಟ್ಸ್’ ಅದರ ಸೋದರ ಸಂಬಂಧಿ. ಇಲ್ಲಿ ಇಲಾಖೆಗಳೇ ಒಂದು ಪಟ್ಟಿಯನ್ನು ಕೇಳುತ್ತವೆ. ರೈತನಿಗೊಂದು ಎಫ್‌ಐಡಿ, ಅದರ ಕೆಳಗೆ ಅವನ ಸರ್ವೆ ನಂಬರುಗಳು. ಅನುಕೂಲ ಹೌದು. ಆದರೆ ಕೀಲಿ ಒಂದೇ ಆದಾಗ ತೊಂದರೆಯೂ ಒಟ್ಟಿಗೇ ಬರುತ್ತದೆ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳಿಗೆ ಬರ ಘೋಷಣೆಯಾದಾಗ ಪರಿಹಾರ ಹೋಗಿದ್ದು ಈ ಪಟ್ಟಿಯ ಆಧಾರದ ಮೇಲೆ. ಸೇರದ ಸರ್ವೆ ನಂಬರು ಸರ್ಕಾರದ ಲೆಕ್ಕದಲ್ಲಿ ಇಲ್ಲದ ಹೊಲ. ಕೃಷ್ಣೆ ಉಕ್ಕಿದರೆ ಮುಳುಗುವ ಜುಗೂಳ, ಮಂಗಾವತಿಯವರಿಗೆ ಇದು ಸಣ್ಣ ಮಾತಲ್ಲ. ನಿಮ್ಮ ಎಲ್ಲ ಸರ್ವೆ ನಂಬರು ಸೇರಿವೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ನೋಡಿ.

ಇನ್ನು ಗಡಿಯ ಮಾತು. ಕಾಗವಾಡದಲ್ಲಿ ಮನೆ, ಆಚೆ ಮ್ಹೈಸಾಳದಲ್ಲಿ ಎರಡು ಎಕರೆ ಕಬ್ಬು ಇದೆ ಎಂದುಕೊಳ್ಳಿ. ಫ್ರೂಟ್ಸ್ ಓದುವುದು ‘ಭೂಮಿ’ಯನ್ನು. ಮಹಾರಾಷ್ಟ್ರದ ಸಾತ್-ಬಾರಾ ಅದಕ್ಕೆ ಕಾಣದು, ಅದು ಹೋಗುವುದು ಆ ರಾಜ್ಯದ ಅಗ್ರಿಸ್ಟ್ಯಾಕ್ ರೈತ ಐಡಿಗೆ. ಒಂದು ಸಂಸ್ಥೆ ಕೊಟ್ಟ ಗುರುತನ್ನು ಇನ್ನೊಂದು ಒಪ್ಪುವ ‘ಸ್ಯಾಮಲ್ 2.0’ ಎಂಬ ತಂತ್ರ 2005ರಿಂದಲೇ ಇದೆ, ಕಂಪನಿಗಳು ದಿನವೂ ಬಳಸುತ್ತವೆ. ಅದಕ್ಕೂ ಮೊದಲು ಎರಡೂ ಕಡೆಯವರು ಪರಸ್ಪರರ ಮುದ್ರೆಯನ್ನು ನಂಬುತ್ತೇವೆಂದು ಒಪ್ಪಂದ ಮಾಡಿಕೊಳ್ಳಬೇಕು. ಸದ್ಯ ಆ ರೈತನ ಹೊಲ ಎರಡು ಪಟ್ಟಿಯಲ್ಲಿ, ಜೇಬಿನಲ್ಲಿ ಎರಡು ನಂಬರು.