ದಂಡಿನ ಇಂಗ್ಲಿಷ್: ಸಂತೆಯಲ್ಲಿ ಕಲಿತದ್ದು, ಶಾಲೆಯಲ್ಲಿ ತಿದ್ದಿದ್ದು

ಬೆಂಗಳೂರಿನ ದಂಡು ಪ್ರದೇಶಕ್ಕೆ ಇಂಗ್ಲಿಷ್ ಎರಡು ದಾರಿಯಲ್ಲಿ ಬಂತು. ಒಂದು ಸಂತೆಯ ದಾರಿ, ಇನ್ನೊಂದು ಶಾಲೆಯ ದಾರಿ. ಇಂಗ್ಲಿಷ್ ವ್ಯಾಕರಣದ ಎರಡು ಭಾಗಗಳಲ್ಲಿ ಈ ದಾರಿಗಳ ಗುರುತು ಇನ್ನೂ ಎದ್ದು ಕಾಣುತ್ತದೆ. ಮೊದಲನೆಯದು ನಡೆಯುತ್ತಿರುವ ಕೆಲಸವನ್ನು ಹೇಳುವ ಪ್ರೆಸೆಂಟ್ ಕಂಟಿನ್ಯೂಯಸ್ ರೂಪ. ಎರಡನೆಯದು ಎಷ್ಟು, ಕೆಲವು, ಸ್ವಲ್ಪ ಎಂದು ಪ್ರಮಾಣ ತಿಳಿಸುವ ಪದಗಳು. ಕನ್ನಡಿಗರು ಇಂಗ್ಲಿಷ್ ಮಾತಾಡುವಾಗ ಹೆಚ್ಚಾಗಿ ಎಡವುವುದೂ, ಬೇರೆಯವರ ನಗೆಗೆ ಈಡಾಗುವುದೂ ಇಲ್ಲಿಯೇ. ಆ ನಗೆಗೆ ಆಧಾರವಿಲ್ಲ ಎಂಬುದು ಇವುಗಳ ಇತಿಹಾಸ ನೋಡಿದರೆ ತಿಳಿಯುತ್ತದೆ.

1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ಸೈನ್ಯವನ್ನು ಕರೆತಂದು ಹಲಸೂರಿನ ಆಸುಪಾಸಿನಲ್ಲಿ ದಂಡು ಕಟ್ಟಿದರು. ಸೈನ್ಯದ ಹಿಂದೆ ಅದನ್ನೇ ನಂಬಿದ ಜನ ಬಂದರು. ತಮಿಳು ಮಾತಾಡುವ ಸಿಪಾಯಿಗಳು, ಗುತ್ತಿಗೆದಾರರು, ಮುದಲಿಯಾರ್ ವರ್ತಕರು, ದಖನಿ ಉರ್ದು ಮಾತಾಡುವ ಮುಸ್ಲಿಂ ವ್ಯಾಪಾರಿಗಳು ಬಂದು ನೆಲೆಸಿದರು. ಸುತ್ತಲಿನ ಹಳ್ಳಿಗಳಿಂದ ಸೊಪ್ಪು, ಹಾಲು, ತರಕಾರಿ ತರುವ ಕನ್ನಡ ಮತ್ತು ತೆಲುಗು ರೈತರೂ ಜೊತೆಗೂಡಿದರು. ಇಂದು ಶಿವಾಜಿನಗರ ಎನಿಸಿಕೊಂಡಿರುವ ಪ್ರದೇಶಕ್ಕೆ ಆಗ ಬ್ಲ್ಯಾಕ್‌ಪಳ್ಳಿ ಎಂಬ ಹೆಸರಿತ್ತು. ಅಲ್ಲಿ ಒಂದು ಬೀದಿ ದಾಟುವುದರೊಳಗೆ ನಾಲ್ಕು ಭಾಷೆ ಕಿವಿಗೆ ಬೀಳುತ್ತಿದ್ದವು. ಐದನೆಯದು ದೊರೆಗಳ ಭಾಷೆ. ಅಡುಗೆಯವನು, ಬಟ್ಲರ್, ಆಯಾ, ಕುದುರೆ ಕಾಯುವವನು, ಮಾಂಸ ಮಾರುವವನು ಅದನ್ನು ಪುಸ್ತಕವಿಲ್ಲದೆ, ಕೆಲಸ ನಡೆಯುವಷ್ಟರ ಮಟ್ಟಿಗೆ ಕಲಿತರು.

ಹಾಗೆ ಕಲಿತ ಭಾಷೆಗೆ ಬಟ್ಲರ್ ಇಂಗ್ಲಿಷ್ ಎಂಬ ಹೆಸರು ಬಂತು. 1886ರಲ್ಲಿ ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಹೊರತಂದ ‘ಹಾಬ್ಸನ್–ಜಾಬ್ಸನ್’ ಕೋಶದಲ್ಲಿ ಇದಕ್ಕೆ ಪ್ರತ್ಯೇಕ ನಮೂದಿದೆ. ಮದ್ರಾಸು ಆಧಿಪತ್ಯದ ಮನೆಯಾಳುಗಳ ಮಾತೆಂದು ಅದು ದಾಖಲಾಗಿದೆ. ಅದರ ಮುಖ್ಯ ಲಕ್ಷಣವೆಂದು ಕೋಶಕಾರರು ಗುರುತಿಸಿದ್ದು ಕ್ರಿಯಾಪದದ ‘ಇಂಗ್’ ರೂಪವನ್ನು. ‘ಐ ಟೆಲಿಂಗ್’ ಎಂದರೆ ‘ಹೇಳುತ್ತೇನೆ’ ಎಂಬ ಭವಿಷ್ಯದ ಅರ್ಥ; ಮುಗಿದ ಕೆಲಸಕ್ಕೆ ‘ಡನ್’ ಎಂಬ ಪದ ಸೇರಿದರೆ ಸಾಕು. ಕೋಶಕಾರರಿಗೆ ಇದು ಮುರುಕು ಭಾಷೆಯಾಗಿ ಕಂಡಿತು. ಆದರೆ ಅದರ ಒಳಗೊಂದು ಅಚ್ಚುಕಟ್ಟಾದ ಏರ್ಪಾಡು ಇದೆ: ಮುಗಿಯದ ಕೆಲಸಕ್ಕೆಲ್ಲ ಒಂದು ರೂಪ, ಮುಗಿದ ಕೆಲಸಕ್ಕೆಲ್ಲ ಇನ್ನೊಂದು. ಇಂಗ್ಲಿಷ್‌ನ ಹತ್ತಾರು ಕಾಲರೂಪಗಳನ್ನು ದುಡಿಯುವ ಜನ ಎರಡಕ್ಕೆ ಇಳಿಸಿಕೊಂಡರು. ದಕ್ಷಿಣದ ಭಾಷೆಗಳ ಮಾದರಿಯೂ ಅವರ ಬೆನ್ನಿಗಿತ್ತು. ಕನ್ನಡದಲ್ಲಿ ‘ನಾಳೆ ಬರುತ್ತೇನೆ’ ಎನ್ನುವಾಗ ವರ್ತಮಾನದ ರೂಪವೇ ಭವಿಷ್ಯದ ಕೆಲಸ ಮಾಡುತ್ತದೆ.

ಅಂದಿನ ದೊರೆಗಳ ಇಂಗ್ಲಿಷಿನಲ್ಲಿಯೂ ಈ ರೂಪ ನೆಲೆಗೊಂಡಿರಲಿಲ್ಲ. ಇಂಗ್ಲೆಂಡಿನಲ್ಲಿ ಕಂಟಿನ್ಯೂಯಸ್ ರೂಪದ ಬಳಕೆ ವೇಗವಾಗಿ ಹರಡಿದ್ದು 18 ಮತ್ತು 19ನೇ ಶತಮಾನಗಳಲ್ಲಿ. ದಂಡಿನಲ್ಲಿ ಬಂಗಲೆಗಳು ಏಳುತ್ತಿದ್ದ ಕಾಲಕ್ಕೆ ಮನೆ ಕಟ್ಟಲಾಗುತ್ತಿದೆ ಎನ್ನಲು ‘ದ ಹೌಸ್ ಈಸ್ ಬಿಲ್ಡಿಂಗ್’ ಎಂಬುದೇ ಶಿಷ್ಟ ಪ್ರಯೋಗ. ಈಗ ಎಲ್ಲ ಶಾಲೆಗಳಲ್ಲಿ ಕಲಿಸುವ ‘ಈಸ್ ಬೀಯಿಂಗ್ ಬಿಲ್ಟ್’ ಎಂಬುದನ್ನು 19ನೇ ಶತಮಾನದುದ್ದಕ್ಕೂ ಹಲವು ವ್ಯಾಕರಣಕಾರರು ತಪ್ಪೆಂದು ಖಂಡಿಸಿದರು. ಬಟ್ಲರನ ‘ಟೆಲಿಂಗ್’ ಕೇಳಿ ನಕ್ಕ ಕರ್ನಲ್ಲನ ಸ್ವಂತ ದೇಶದಲ್ಲಿ ಇದೇ ರೂಪದ ಬಗ್ಗೆ ಜಗಳ ನಡೆದಿತ್ತು.

ಪ್ರಮಾಣವಾಚಕಗಳ ಕಥೆ ತಕ್ಕಡಿಯ ಕಥೆಯೊಡನೆ ಬೆಸೆದುಕೊಂಡಿದೆ. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿದರೂ ದಂಡು ಪ್ರದೇಶ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷ್ ರೆಸಿಡೆಂಟರ ಕೈಯಲ್ಲೇ ಉಳಿಯಿತು. ಹಾಗಾಗಿ ಒಂದೇ ಊರಿನಲ್ಲಿ ಎರಡು ಆಡಳಿತ. ಮೈಸೂರು ಸೀಮೆಯ ಕಚ್ಚಾ ಸೇರು 24 ರೂಪಾಯಿ ನಾಣ್ಯದ ತೂಕ. ಬ್ರಿಟಿಷ್ ಭಾರತದ ಸೇರು 80 ತೊಲ. ಧಾನ್ಯ ಅಳೆಯಲು ಪಾವು, ಅಚ್ಚೇರು, ಬಳ್ಳ, ಕೊಳಗ. ಇವುಗಳ ನಡುವೆ ಇಂಗ್ಲಿಷರ ಪೌಂಡು, ಡಜನ್, ಗಜಗಳು ಸೇರಿಕೊಂಡವು. ದಂಡಿನ ವ್ಯಾಪಾರಿಗೆ ‘ಎಷ್ಟು’ ಎಂಬ ಪ್ರಶ್ನೆ ಎಂದೂ ಸರಳವಾಗಿರಲಿಲ್ಲ. ಯಾರ ಸೇರು, ಯಾವ ಅಳತೆ ಎಂಬುದು ಮೊದಲು ಇತ್ಯರ್ಥವಾಗಬೇಕಿತ್ತು.

ಈ ವ್ಯಾಪಾರಕ್ಕೆಂದು ಒಂದು ಭವ್ಯ ಕಟ್ಟಡ ಎದ್ದದ್ದು 1927ರಲ್ಲಿ. ಅಂದಿನ ಮುನಿಸಿಪಲ್ ಕಮಿಷನರ್ ಟಿ. ಬಿ. ರಸೆಲ್ ಅವರ ಹೆಸರು ಅದಕ್ಕೆ ಬಂತು. 1933ರಲ್ಲಿ ಉದ್ಯಮಿ ಇಸ್ಮಾಯಿಲ್ ಸೇಠ್ ಅದನ್ನು ಉದ್ಘಾಟಿಸಿದರು. ಸೇಂಟ್ ಮೇರಿ ಚರ್ಚಿನ ಸಮೀಪದಲ್ಲಿ, ಇಂಡೋ–ಸಾರ್ಸೆನಿಕ್ ಶೈಲಿಯ ಮಿನಾರುಗಳನ್ನು ಹೊತ್ತು ನಿಂತ ರಸೆಲ್ ಮಾರುಕಟ್ಟೆಯಲ್ಲಿ ತರಕಾರಿ, ಹಣ್ಣು, ಹೂವು, ಮಾಂಸ, ಮೀನು ಒಂದೇ ಸೂರಿನಡಿ ಸಿಗತೊಡಗಿದವು. ಗಿರಾಕಿಗಳಲ್ಲಿ ಸೈನ್ಯಾಧಿಕಾರಿಗಳ ಮನೆಯವರಿದ್ದರು, ಫ್ರೇಜರ್ ಟೌನ್, ರಿಚರ್ಡ್ಸ್ ಟೌನ್, ಕುಕ್ ಟೌನ್ ಕಡೆಯ ಆಂಗ್ಲೋ–ಇಂಡಿಯನ್ ಕುಟುಂಬಗಳಿದ್ದವು, ಅವರ ಅಡುಗೆಯವರೂ ಇದ್ದರು.

ಇಂಥ ಅಂಗಡಿಯ ಮುಂದೆ ನಿಂತರೆ ಇಂಗ್ಲಿಷ್ ವ್ಯಾಕರಣದ ಒಂದು ತೊಡಕು ಕಣ್ಣಿಗೇ ಕಾಣುತ್ತದೆ. ಒಂದು ಬುಟ್ಟಿಯಲ್ಲಿ ಈರುಳ್ಳಿ, ಪಕ್ಕದಲ್ಲಿ ಬೆಳ್ಳುಳ್ಳಿ. ಕನ್ನಡದ ಗಿರಾಕಿಗೆ ಎರಡೂ ಒಂದೇ ಬಗೆ: ಎರಡು ಕಿಲೋ ಈರುಳ್ಳಿ, ಕಾಲು ಕಿಲೋ ಬೆಳ್ಳುಳ್ಳಿ. ಇಂಗ್ಲಿಷ್‌ನಲ್ಲಿ ಈರುಳ್ಳಿ ಎಣಿಸುವ ವಸ್ತು, ಆದ್ದರಿಂದ ಬಹುವಚನದ ‘ಆನಿಯನ್ಸ್’. ಬೆಳ್ಳುಳ್ಳಿ ಎಣಿಸದ ವಸ್ತು, ಅದು ‘ಗಾರ್ಲಿಕ್’ ಅಷ್ಟೇ. ಹುರುಳಿಕಾಯಿಗೆ ಬಹುವಚನ ಉಂಟು, ಪಾಲಕ್ ಸೊಪ್ಪಿಗೆ ಇಲ್ಲ. ಮೊದಲನೆಯದಕ್ಕೆ ‘ಮೆನಿ’, ‘ಫ್ಯೂ’; ಎರಡನೆಯದಕ್ಕೆ ‘ಮಚ್’, ‘ಲಿಟ್ಲ್’. ಕನ್ನಡದ ‘ಎಷ್ಟು’ ಈ ಭೇದವನ್ನು ಮಾಡುವುದೇ ಇಲ್ಲ. ‘ಎಷ್ಟು ಹಾಲು’, ‘ಎಷ್ಟು ಹಣ್ಣು’ ಎರಡೂ ಸರಿ. ಸಂಖ್ಯೆ ಇದ್ದಮೇಲೆ ವಸ್ತುವಿಗೆ ಬಹುವಚನ ಹಚ್ಚುವ ಕಡ್ಡಾಯವೂ ಇಲ್ಲ; ‘ಐದು ನಿಂಬೆಹಣ್ಣು ಕೊಡಿ’ ಎಂದರೆ ವ್ಯಾಪಾರ ಮುಗಿಯಿತು. ಕನ್ನಡ ಜಾಗರೂಕವಾಗುವುದು ಮನುಷ್ಯರನ್ನು ಎಣಿಸುವಾಗ: ಎರಡು ಹಣ್ಣು, ಆದರೆ ಇಬ್ಬರು ಗಿರಾಕಿಗಳು. ಎಚ್ಚರ ಎರಡೂ ಭಾಷೆಗಳಿಗೆ ಇದೆ. ಅದನ್ನು ತೋರುವ ಜಾಗ ಬೇರೆ.

‘ಎ ಲಿಟ್ಲ್’ ಮತ್ತು ‘ಲಿಟ್ಲ್’ ನಡುವಿನ ವ್ಯತ್ಯಾಸ ವಿದ್ಯಾರ್ಥಿಗಳನ್ನು ಬಹಳ ಕಾಡುತ್ತದೆ. ಒಂದು ಸಣ್ಣ ‘ಎ’ ಬಂದರೆ ಇದ್ದದ್ದರ ಸಮಾಧಾನ, ಹೋದರೆ ಇಲ್ಲದ್ದರ ಕೊರಗು. ಕನ್ನಡಿಗನಿಗೆ ಈ ಭೇದ ಹೊಸದಲ್ಲ. ‘ಕೊತ್ತಂಬರಿ ಸ್ವಲ್ಪ ಇದೆ’ ಎಂದರೆ ಒಂದು, ‘ಸ್ವಲ್ಪವೇ ಇದೆ’ ಎಂದರೆ ಇನ್ನೊಂದು. ಭೇದದ ಗುರುತನ್ನು ಇಂಗ್ಲಿಷ್ ಪದದ ಮೊದಲು ಇಟ್ಟರೆ, ಕನ್ನಡ ಪದದ ಬಾಲಕ್ಕೆ ಕಟ್ಟುತ್ತದೆ. ಇಷ್ಟನ್ನು ಹೇಳಿಕೊಟ್ಟರೆ ಒಂದು ವಾರದ ಉರುಹೊಡೆಯುವಿಕೆ ತಪ್ಪುತ್ತದೆ. ಹೇಳಿಕೊಡುವ ಪಠ್ಯಗಳು ಮಾತ್ರ ವಿರಳ.

ಶಾಲೆಯ ದಾರಿ ತೆರೆದದ್ದು ಮಿಷನರಿಗಳಿಂದ. ಅವರೇ ಮೊದಲು ಕನ್ನಡ ಕಲಿಯಬೇಕಾಯಿತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಸೇರಾಂಪುರದಲ್ಲಿ ಅಚ್ಚಾಯಿತು. ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ 1859ರಲ್ಲಿ ಇನ್ನೊಂದನ್ನು ಹೊರತಂದರು. ಆಂಗ್ಲ ಅಧಿಕಾರಿಗಳು ಇವುಗಳಿಂದ ‘ಮಾಡುತ್ತೇನೆ’, ‘ಮಾಡುತ್ತಿದ್ದೇನೆ’ ರೂಪಗಳನ್ನು ಬಾಯಿಪಾಠ ಮಾಡಿದರು. ಅದೇ ಕಾಲಕ್ಕೆ ಇಲ್ಲಿನ ಮಕ್ಕಳು ಇಂಗ್ಲಿಷ್ ರೂಪಗಳನ್ನು ಒಪ್ಪಿಸತೊಡಗಿದರು. 1858ರಲ್ಲಿ ಸೆಂಟ್ರಲ್ ಹೈಸ್ಕೂಲು ಶುರುವಾಗಿ ಮುಂದೆ ಸೆಂಟ್ರಲ್ ಕಾಲೇಜಾಯಿತು. 1865ರಲ್ಲಿ ಬಿಷಪ್ ಕಾಟನ್ ಶಾಲೆ, 1880ರಲ್ಲಿ ಬಾಲ್ಡ್‌ವಿನ್ ಶಾಲೆ ಬಂದವು. ಇವುಗಳಲ್ಲಿ ಹೆಚ್ಚಿನವು ಯೂರೋಪಿಯನ್ನರ, ಆಂಗ್ಲೋ–ಇಂಡಿಯನ್ನರ ಮಕ್ಕಳಿಗಾಗಿ ಹುಟ್ಟಿದವು. ದಂಡಿನ ಬಡ ಮಕ್ಕಳಿಗೂ ಶಾಲೆ ಬೇಕೆಂದು ಯೋಚಿಸಿದವರು ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರ್. ಬೆಂಗಳೂರಿನ ಸರ್ಕಾರಿ ಕಟ್ಟಡವಾದ ಅಠಾರ ಕಚೇರಿಯನ್ನು ಕಟ್ಟಿಸಿದ ಗುತ್ತಿಗೆದಾರ ಇವರು. ಸಣ್ಣ ವ್ಯಾಪಾರದಿಂದ ಮೇಲೆ ಬಂದ ಅವರು 1873ರಲ್ಲಿ ಕಟ್ಟಿದ ಶಾಲೆಯೇ ಇಂದಿನ ಆರ್‌ಬಿಎಎನ್‌ಎಂ ವಿದ್ಯಾಸಂಸ್ಥೆಗಳ ಮೂಲ. ಸಂತೆಯ ದಾರಿಯಿಂದ ಬಂದ ಮನುಷ್ಯ ಶಾಲೆಯ ದಾರಿಯನ್ನು ಬಡವರಿಗೆ ತೆರೆದ ಈ ಘಟನೆಗೆ ದಂಡಿನ ಚರಿತ್ರೆಯಲ್ಲಿ ಇನ್ನೂ ದೊಡ್ಡ ಜಾಗ ಸಲ್ಲಬೇಕು.

ತರಗತಿಯಲ್ಲಿ ನಡೆಯುತ್ತಿದ್ದದ್ದು ಅನುವಾದ ಮತ್ತು ನಿಯಮ. 1930ರ ದಶಕದಲ್ಲಿ ಬಂದ ಪಿ. ಸಿ. ರೆನ್ ಮತ್ತು ಎಚ್. ಮಾರ್ಟಿನ್ ಅವರ ವ್ಯಾಕರಣ ಪುಸ್ತಕ ಮುಂದೆ ತಲೆಮಾರುಗಳ ಕೈಪಿಡಿಯಾಯಿತು. ಅರಿವು, ಇಷ್ಟ, ಒಡೆತನ, ಇಂದ್ರಿಯಾನುಭವ ತಿಳಿಸುವ ಕ್ರಿಯಾಪದಗಳಿಗೆ ಸಾಮಾನ್ಯವಾಗಿ ‘ಇಂಗ್’ ಹಚ್ಚಕೂಡದು ಎಂಬ ನಿಯಮ ಇಂಥ ಪುಸ್ತಕಗಳ ಮೂಲಕ ಮನೆಮಾತಾಯಿತು. ಕನ್ನಡದ ಮಗುವಿಗೆ ಈ ನಿಯಮ ಕಷ್ಟ. ‘ನಿಮ್ಮ ಮಾತು ಕೇಳಿಸುತ್ತಿದೆ’, ‘ಈಗ ಅರ್ಥವಾಗುತ್ತಿದೆ’ ಎಂಬುವು ಕನ್ನಡದಲ್ಲಿ ಸಹಜ ಮಾತುಗಳು. ಅವನ್ನೇ ‘ಐ ಆಮ್ ಹಿಯರಿಂಗ್’, ‘ಐ ಆಮ್ ಅಂಡರ್‌ಸ್ಟ್ಯಾಂಡಿಂಗ್’ ಎಂದರೆ ಪುಸ್ತಕ ಕೆಂಪು ಗೆರೆ ಎಳೆಯುತ್ತದೆ. ‘ನನಗೆ ಇಬ್ಬರು ಮಕ್ಕಳಿದ್ದಾರೆ’ ಎಂಬಲ್ಲಿ ಬರುವ ‘ಇರು’ ಧಾತುವೇ ‘ಓದುತ್ತಿದ್ದಾರೆ’ ಎಂಬಲ್ಲೂ ಬರುತ್ತದೆ. ‘ಐ ಆಮ್ ಹ್ಯಾವಿಂಗ್ ಟೂ ಚಿಲ್ಡ್ರನ್’ ಎನ್ನುವವನ ತಲೆಯಲ್ಲಿ ಕೆಲಸ ಮಾಡುತ್ತಿರುವುದು ಅಜ್ಞಾನಕ್ಕಿಂತ ಹೆಚ್ಚಾಗಿ ಅವನ ತಾಯ್ನುಡಿಯ ತರ್ಕ.

1947ರಲ್ಲಿ ದಂಡು ಪ್ರದೇಶ ಮೈಸೂರಿಗೆ ಮರಳಿತು. 1949ರಲ್ಲಿ ಊರಿನ ಹಳೆಯ ಭಾಗವಾದ ಪೇಟೆ ಮತ್ತು ದಂಡು ಎರಡೂ ಒಂದೇ ಕಾರ್ಪೊರೇಷನ್ನಿನ ಕೆಳಗೆ ಬಂದವು. 1957ರ ಏಪ್ರಿಲ್ 1ರಿಂದ ಹದಿನಾರಾಣೆಯ ರೂಪಾಯಿ ನೂರು ನಯಾಪೈಸೆಯದಾಯಿತು. 1956ರ ತೂಕ–ಅಳತೆ ಕಾಯಿದೆಯ ಪ್ರಕಾರ 1958ರಿಂದ ಹಂತಹಂತವಾಗಿ ಕಿಲೋ, ಲೀಟರು, ಮೀಟರು ಬಂದವು. ಸೇರು, ಪೌಂಡು ತಕ್ಕಡಿಯಿಂದ ಇಳಿದರೂ ನಾಲಿಗೆಯಿಂದ ಪೂರ್ತಿ ಇಳಿಯಲಿಲ್ಲ. ಬೇಕರಿಯಲ್ಲಿ ಇಂದಿಗೂ ಅರ್ಧ ಪೌಂಡು ಬ್ರೆಡ್ಡು ಕೇಳುತ್ತಾರೆ. ಮಲ್ಲಿಗೆ ಮಾರುವವಳು ಮೊಣಕೈಯಿಂದ ಬೆರಳ ತುದಿಯವರೆಗೆ ದಂಡೆ ಎಳೆದು ಮೊಳ ಹಾಕುತ್ತಾಳೆ, ಕತ್ತರಿಸುವ ಮುನ್ನ ಗಿರಾಕಿಯ ಮುಖ ನೋಡಿ ನಾಲ್ಕು ಬೆರಳು ಹೆಚ್ಚು ಬಿಡುತ್ತಾಳೆ. ಬಾಳೆಹಣ್ಣು ಮಾತ್ರ ಡಜನ್ ಬಿಟ್ಟು ಬಹುಮಟ್ಟಿಗೆ ಕಿಲೋಗೆ ಹೊರಳಿತು.

ಶಾಲೆಯಲ್ಲಿಯೂ ಬದಲಾವಣೆ ಬಂತು. 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣದ ರಾಜ್ಯಗಳಿಗಾಗಿ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಸ್ಥಾಪನೆಯಾಯಿತು. ಆಗ ಚಾಲ್ತಿಯಲ್ಲಿದ್ದದ್ದು ವಾಕ್ಯರಚನೆಗಳನ್ನು ಸುಲಭದಿಂದ ಕಠಿಣಕ್ಕೆ ಜೋಡಿಸಿ ಒಂದೊಂದಾಗಿ ಅಭ್ಯಾಸ ಮಾಡಿಸುವ ಸ್ಟ್ರಕ್ಚರಲ್ ವಿಧಾನ. ಅದರಲ್ಲಿ ಪ್ರೆಸೆಂಟ್ ಕಂಟಿನ್ಯೂಯಸ್‌ಗೆ ಮೊದಲ ಪಂಕ್ತಿ. ಅದನ್ನು ಅಭಿನಯಿಸಿ ತೋರಿಸಬಹುದು ಎಂಬುದೇ ಕಾರಣ. ಶಿಕ್ಷಕರು ಬಾಗಿಲ ಕಡೆ ನಡೆಯುತ್ತ ‘ಐ ಆಮ್ ವಾಕಿಂಗ್’ ಎನ್ನುತ್ತಿದ್ದರು, ಬಾಗಿಲು ತೆರೆಯುತ್ತ ‘ಐ ಆಮ್ ಓಪನಿಂಗ್ ದ ಡೋರ್’ ಎನ್ನುತ್ತಿದ್ದರು, ಮಕ್ಕಳು ಒಕ್ಕೊರಲಿನಿಂದ ಮತ್ತೆ ಹೇಳುತ್ತಿದ್ದರು. ನಿಜ ಜೀವನದಲ್ಲಿ ಬಾಗಿಲು ತೆರೆಯುವವನು ಹಾಗೆಂದು ಸಾರುವುದಿಲ್ಲ. ಮೊದಲು ಕಲಿತ, ಅತಿಯಾಗಿ ಅಭ್ಯಾಸವಾದ ಈ ರೂಪ ‘ಐ ಆಮ್ ನೋಯಿಂಗ್’ ಎಂಬಲ್ಲಿಗೂ ಹರಿದರೆ ಅದರಲ್ಲಿ ಪಾಠಕ್ರಮದ ಪಾಲೂ ಇದೆ.

ಈ ವಿಧಾನವನ್ನು ಬುಡದಿಂದಲೇ ಪ್ರಶ್ನಿಸಿದವರು ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್. ಎಸ್. ಪ್ರಭು. 1979ರಲ್ಲಿ ಬೆಂಗಳೂರಿನ ಇದೇ ಸಂಸ್ಥೆಯ ಆಶ್ರಯದಲ್ಲಿ ಶುರುವಾಗಿ 1984ರವರೆಗೆ ದಕ್ಷಿಣದ ಕೆಲವು ಶಾಲೆಗಳಲ್ಲಿ ನಡೆದ ಅವರ ಪ್ರಯೋಗ ಜಗತ್ತಿನಾದ್ಯಂತ ‘ಬೆಂಗಳೂರು ಪ್ರಾಜೆಕ್ಟ್’ ಎಂದು ಹೆಸರಾಯಿತು. ಮನಸ್ಸು ಅರ್ಥದ ಮೇಲೆ ನೆಟ್ಟಿದ್ದಾಗಲೇ ವ್ಯಾಕರಣ ತಾನಾಗಿ ಒಳಗೆ ಬೇರು ಬಿಡುತ್ತದೆ ಎಂಬುದು ಅವರ ನಂಬಿಕೆ. ಆ ತರಗತಿಗಳಲ್ಲಿ ಇಂದು ಕಂಟಿನ್ಯೂಯಸ್, ನಾಳೆ ‘ಮಚ್’ ಮತ್ತು ‘ಮೆನಿ’ ಎಂಬ ಪಟ್ಟಿಯೇ ಇರಲಿಲ್ಲ. ರೈಲಿನ ವೇಳಾಪಟ್ಟಿ, ಊರಿನ ನಕ್ಷೆ, ಹಣದ ಲೆಕ್ಕ ಇಂಥವನ್ನು ಮುಂದಿಟ್ಟು ಸಮಸ್ಯೆ ಬಿಡಿಸಲು ಹೇಳುತ್ತಿದ್ದರು. ಶಿಕ್ಷಕರು ಮೊದಲು ಇಡೀ ತರಗತಿಯೊಡನೆ ಒಂದು ಸಮಸ್ಯೆಯನ್ನು ಬಿಡಿಸುತ್ತಿದ್ದರು. ಅಂಥದ್ದೇ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸಬೇಕಿತ್ತು. ಉತ್ತರ ಸರಿಯೇ ಎಂಬುದೇ ಅಳತೆಗೋಲು. ವ್ಯಾಕರಣದ ತಪ್ಪನ್ನು ಪಾಠ ನಿಲ್ಲಿಸಿ ವಿವರಿಸುತ್ತಿರಲಿಲ್ಲ.

ಎಡಿನ್‌ಬರಾದಿಂದ ಬಂದ ಆಲನ್ ಬೆರೆಟಾ ಮತ್ತು ಆಲನ್ ಡೇವಿಸ್ ಇದರ ಮೌಲ್ಯಮಾಪನ ನಡೆಸಿ 1985ರಲ್ಲಿ ವರದಿ ಪ್ರಕಟಿಸಿದರು. ರಚನೆಗಳನ್ನೇ ಕೇಳುವ ಪರೀಕ್ಷೆಯಲ್ಲಿ ಹಳೆಯ ವಿಧಾನದ ಮಕ್ಕಳು, ಕಾರ್ಯಾಧಾರಿತ ಪರೀಕ್ಷೆಯಲ್ಲಿ ಪ್ರಯೋಗದ ಮಕ್ಕಳು ಮುಂದಿದ್ದರು. ಎರಡೂ ಕಡೆ ವಾಲದ ಪರೀಕ್ಷೆಗಳಲ್ಲಿ ಒಟ್ಟಾರೆ ಪ್ರಯೋಗದ ಮಕ್ಕಳದೇ ಮೇಲುಗೈ. 1987ರಲ್ಲಿ ಪ್ರಭು ಅವರ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ ಹೊರಬಂದ ಮೇಲೆ ಕಾರ್ಯಾಧಾರಿತ ಭಾಷಾಬೋಧನೆಯ ಚರ್ಚೆಗೆ ಬೆಂಗಳೂರು ಒಂದು ಆರಂಭಬಿಂದುವಾಯಿತು. ಬ್ಲ್ಯಾಕ್‌ಪಳ್ಳಿಯ ಮಾಂಸದಂಗಡಿಯವನು ಇಂಗ್ಲಿಷ್ ಕಲಿತ ಬಗೆಗೂ ಪ್ರಯೋಗದ ಮಗು ಕಲಿತ ಬಗೆಗೂ ಹತ್ತಿರದ ನಂಟಿದೆ: ಇಬ್ಬರಿಗೂ ಮೊದಲು ಲೆಕ್ಕ ತೀರಬೇಕು, ಭಾಷೆ ಅದರ ಜೊತೆಗೆ ಬರುತ್ತದೆ.

ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಬಹುಕಾಲ ಐದನೇ ತರಗತಿಯಿಂದ ಕಲಿಸುವ ವಿಷಯವಾಗಿತ್ತು. 2007ರಲ್ಲಿ ಅದು ಒಂದನೇ ತರಗತಿಗೆ ಇಳಿಯಿತು. ಅಂಗಡಿ, ಸಂತೆ, ಬೆಲೆ ಕೇಳುವ ಸಂಭಾಷಣೆಗಳು ಪಠ್ಯಗಳೊಳಗೆ ಬಂದವು, ಬಿಟ್ಟಸ್ಥಳ ತುಂಬಿಸುವ ಪರೀಕ್ಷೆಯೂ ಉಳಿಯಿತು. ಇತ್ತ ಸಂತೆಯ ದಾರಿಯಲ್ಲಿ, 2012ರ ಫೆಬ್ರವರಿಯಲ್ಲಿ ರಸೆಲ್ ಮಾರುಕಟ್ಟೆಗೆ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಅಂಗಡಿಗಳು ಸುಟ್ಟುಹೋದವು. ವ್ಯಾಪಾರಿಗಳು ಅಲ್ಲಿಯೇ ಮತ್ತೆ ಅಂಗಡಿ ಹೂಡಿದರು. ಗಿರಾಕಿ ಯಾವ ಭಾಷೆಯವರಾದರೂ ಅವರು ಮೊದಲು ಕೇಳುವುದು ‘ಹೌ ಮಚ್’. ಅದಕ್ಕೆ ಉತ್ತರ ದಖನಿಯಲ್ಲೋ ತಮಿಳಿನಲ್ಲೋ ಕನ್ನಡದಲ್ಲೋ ಬರುತ್ತದೆ, ಸಂಖ್ಯೆ ಮಾತ್ರ ಬಹುಪಾಲು ಇಂಗ್ಲಿಷಿನದು.